ಹಗರಿಯಾಚೆಯ ದಾರಿ

ಬಳ್ಳಾರಿಯಿಂದ ಮೂಡಣಕ್ಕೆ ಹೊರಟ ಹೆದ್ದಾರಿ ಹಗರಿಯ ಬಳಿ ಕವಲೊಡೆದು, ಅದರ ಒಂದು ಶಾಖೆ ಹಾಲಹರವಿ, ಆಲೂರು, ಆದವಾನಿ, ಎಮ್ಮಿಗನೂರುಗಳನ್ನು ಹಾದು ಮಂತ್ರಾಲಯದ ಸಮೀಪಕ್ಕೆ ಬಂದು, ಅಲ್ಲಿ ತುಂಗಭದ್ರೆಯನ್ನು ದಾಟಿ ರಾಯಚೂರಿನ ಕಡೆಗೆ ಸಾಗುತ್ತದೆ. ಈಗ 167ನೆಯ ರಾಷ್ಟ್ರೀಯ ಹೆದ್ದಾರಿಯೆಂಬ ಸಂಖ್ಯೆಯನ್ನು ಪಡೆದಿರುವ ಈ ಮಾರ್ಗ ಕರ್ನಾಟಕದಲ್ಲಿ ಹುಟ್ಟಿ, ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಪಶ್ಚಿಮಭಾಗದಲ್ಲಿ ಬಹುದೂರ ನಡೆದು, ಪುನಃ ಕರ್ನಾಟಕವನ್ನು ಪ್ರವೇಶಿಸಿ, ಆಮೇಲೆ ತೆಲಂಗಾಣಕ್ಕೆ ಹೋಗುತ್ತದೆ. ಭೂಪಟವನ್ನು ನೋಡುವವರಿಗೆ ಇದು ಮೂರು ರಾಜ್ಯಗಳ ದಾರಿ. ಬಸ್ಸಿನಲ್ಲಿ ಕುಳಿತವರಿಗಾದರೋ, ಒಂದು ರಾಜ್ಯ ಮುಗಿದು ಇನ್ನೊಂದು ತೊಡಗಿತೆಂಬುದು ಅಂಗಡಿಗಳ ಹೆಸರುಹಲಗೆಯ ಅಕ್ಷರ ಬದಲಾದದ್ದರಿಂದ ತಿಳಿಯಬೇಕೇ ಹೊರತು, ಹೊಲದ ಬಣ್ಣದಿಂದಾಗಲಿ, ಬೆಳೆಯಿಂದಾಗಲಿ, ಹತ್ತಿ ಇಳಿಯುವವರ ಉಡಿಗೆ ತೊಡಿಗೆಯಿಂದಾಗಲಿ, ಅವರ ಮಾತಿನಿಂದಾಗಲಿ ತಿಳಿಯುವಂತಿಲ್ಲ.

ಈ ಸೀಮೆಯ ಚರಿತ್ರೆಯನ್ನು ಅದರ ಕೋಟೆಗಳಿಂದ, ಶಾಸನಗಳಿಂದ, ಮಠಮಂದಿರಗಳಿಂದ ಓದುವುದು ವಾಡಿಕೆ. ಅದಕ್ಕೆ ಸಾಮಗ್ರಿಯೂ ಹೇರಳವಾಗಿದೆ. ಆದರೆ ಸಾಮಾನ್ಯ ಜನರು ನಿತ್ಯವೂ ಕಾದು ನಿಂತು ಹತ್ತುವ ಸಾರಿಗೆಯ ಬಸ್ಸಿನಿಂದಲೂ ಒಂದು ಪ್ರದೇಶದ ಚರಿತ್ರೆಯನ್ನು ಓದಬಹುದೆಂದೂ, ಗಡಿನಾಡಿನ ವಿಷಯದಲ್ಲಂತೂ ಹಾಗೆ ಓದದೆ ಇದ್ದರೆ ನಮ್ಮ ತಿಳಿವಳಿಕೆ ಅಪೂರ್ಣವಾಗುವುದೆಂದೂ ನನಗೆ ಬಹುಕಾಲದಿಂದ ಅನ್ನಿಸುತ್ತಿತ್ತು. ಆ ಉದ್ದೇಶವನ್ನೇ ಮನಸ್ಸಿನಲ್ಲಿಟ್ಟುಕೊಂಡು, ಹತ್ತಿ ಬಿಡಿಸುವ ಕಾಲದಲ್ಲಿ, ಬಳ್ಳಾರಿಯ ನಿಲ್ದಾಣದಿಂದ ಹೊರಟೆನು.

ಆದವಾನಿಯ ಕಡೆಗೆ ಹೋಗುವ ಬಸ್ಸುಗಳು ಎರಡು ಸಂಸ್ಥೆಗಳಿಗೆ ಸೇರಿದವು. ಒಂದು ಕಲಬುರಗಿಯಲ್ಲಿ ಕೇಂದ್ರ ಕಚೇರಿಯುಳ್ಳ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ. ಇನ್ನೊಂದು ವಿಜಯವಾಡದಲ್ಲಿ ಕೇಂದ್ರ ಕಚೇರಿಯುಳ್ಳ ಆಂಧ್ರಪ್ರದೇಶ ರಸ್ತೆ ಸಾರಿಗೆ ಸಂಸ್ಥೆ, ಜನರ ಬಾಯಲ್ಲಿ ಬರಿಯ ‘ಆರ್‌ಟಿಸಿ’. ಒಂದರ ಮಾರ್ಗಫಲಕ ಕನ್ನಡದಲ್ಲಿ, ಇನ್ನೊಂದರದು ತೆಲುಗಿನಲ್ಲಿ. ನಿತ್ಯದ ಪ್ರಯಾಣಿಕರು ಈ ಭೇದವನ್ನು ಲೆಕ್ಕಕ್ಕೆ ಇಡುವುದಿಲ್ಲ. ಯಾವುದು ಮೊದಲು ಹೊರಡುವುದೋ ಅದನ್ನು ಹತ್ತುತ್ತಾರೆ. ನಾನು ಹತ್ತಿದ್ದು ಆಂಧ್ರದ ಬಸ್ಸು. ಅದರ ಕಂಡಕ್ಟರು ಬಳ್ಳಾರಿಯ ಪ್ರಯಾಣಿಕರೊಡನೆ ಕನ್ನಡವನ್ನೂ, ಆಲೂರಿನವರೊಡನೆ ತೆಲುಗನ್ನೂ, ಆದವಾನಿಯ ಮುಸಲ್ಮಾನ ವ್ಯಾಪಾರಿಗಳೊಡನೆ ಉರ್ದುವನ್ನೂ ಆಡುತ್ತ, ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗುವಾಗ ಎಲ್ಲಿಯೂ ತಡೆಯದೆ, ಚೀಟಿಯನ್ನು ಹರಿದು ಕೊಡುತ್ತ ನಡೆದನು.

ಹಗರಿಯೆಂದು ಜನರು ಕರೆಯುವ ವೇದಾವತಿಯ ಪಾತ್ರ ಆ ಹೊತ್ತಿಗೆ ವಿಶಾಲವಾದ ಮರಳಾಗಿ ಒಣಗಿ ಬಿದ್ದಿತ್ತು. ಅದರಾಚೆಗೆ ಎರಡು ಕಡೆಯೂ ಎರೆಯ ಭೂಮಿ. ಹತ್ತಿ, ಮೆಣಸಿನಕಾಯಿ, ಕಡಲೆ, ಜೋಳ. ಹಾಲಹರವಿಯಲ್ಲಿ ಬಸ್ಸು ನಿಂತಾಗ ಹತ್ತಿದ ಹುಡುಗರಲ್ಲಿ ಕೆಲವರ ಕೈಯಲ್ಲಿ ಕನ್ನಡ ಪಾಠಪುಸ್ತಕಗಳಿದ್ದುವು. ಈ ಭಾಗದಲ್ಲಿ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳು ಇಂದಿಗೂ ಉಂಟು. ರಾಜ್ಯದ ಭಾಷೆ ಬೇರೆಯಾಗಿ ಎಪ್ಪತ್ತು ವರ್ಷ ಕಳೆದಮೇಲೆಯೂ ಅವು ಉಳಿದುಕೊಂಡಿರುವುದಕ್ಕೆ ಶಿಕ್ಷಕರ ನಿಷ್ಠೆ, ತಂದೆತಾಯಿಗಳ ಅಭಿಮಾನ ಇವುಗಳೊಡನೆ ಬೆಳಗಿನ ಒಂದು ಬಸ್ಸೂ ಕಾರಣವೆಂಬುದನ್ನು ಆ ಹುಡುಗರನ್ನು ನೋಡಿದಾಗ ಮನಗಂಡೆನು. ಊರಿನಲ್ಲಿ ಪ್ರಾಥಮಿಕ ಶಾಲೆಯಿದ್ದು ಮೇಲಿನ ತರಗತಿ ಹತ್ತು ಹದಿನೈದು ಕಿಲೋಮೀಟರು ದೂರದ ಊರಿನಲ್ಲಿದ್ದರೆ, ಮಗು ಕನ್ನಡದಲ್ಲಿ ಓದನ್ನು ಮುಂದುವರಿಸುವುದೋ ಬಿಡುವುದೋ ಎಂಬುದು ಪ್ರಾರ್ಥನೆಯ ಗಂಟೆಗೆ ಮುಂಚೆ ಬಸ್ಸು ಬರುವುದೋ ಇಲ್ಲವೋ ಎಂಬುದರ ಮೇಲೆ ನಿಂತಿರುತ್ತದೆ.

ಆಲೂರು, ಆದವಾನಿ, ರಾಯದುರ್ಗ ಈ ಮೂರು ತಾಲೂಕುಗಳು 1953ರವರೆಗೂ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. 1800ರಲ್ಲಿ ನಿಜಾಮನು ಈ ಪ್ರದೇಶವನ್ನೆಲ್ಲ ಇಂಗ್ಲಿಷರಿಗೆ ಬಿಟ್ಟುಕೊಟ್ಟಮೇಲೆ, ‘ದತ್ತಮಂಡಲ’ವೆಂಬ ಹೆಸರಿನಿಂದ ತಾಮಸ್ ಮನ್ರೋವಿನ ಆಡಳಿತಕ್ಕೆ ಒಳಪಟ್ಟ ಈ ತಾಲೂಕುಗಳ ಜನರಿಗೆ ಮುಂದೆ ಬಳ್ಳಾರಿಯೇ ಕೋರ್ಟು, ಕಚೇರಿ, ಪೇಟೆ. 1953ರ ಅಕ್ಟೋಬರ್ 1ರಂದು ಕರ್ನೂಲನ್ನು ರಾಜಧಾನಿಯಾಗಿ ಮಾಡಿಕೊಂಡು ಆಂಧ್ರರಾಜ್ಯವು ಉದಯಿಸಿದಾಗ, ಬಳ್ಳಾರಿ ಜಿಲ್ಲೆಯ ಹತ್ತು ತಾಲೂಕುಗಳಲ್ಲಿ ಏಳು ಮೈಸೂರಿಗೆ ಬಂದುವು. ಈ ಮೂರು ಆಂಧ್ರಕ್ಕೆ ಹೋದವು. ಆದವಾನಿ ಆಲೂರುಗಳನ್ನು ಕರ್ನೂಲು ಜಿಲ್ಲೆಗೆ, ರಾಯದುರ್ಗವನ್ನು ಅನಂತಪುರ ಜಿಲ್ಲೆಗೆ ಸೇರಿಸಿದರು. ಒಂದು ದಿನದಲ್ಲಿ ಜಿಲ್ಲಾಕೇಂದ್ರ ಬದಲಾಯಿತು. ಆದರೆ ಸೊಸೆ ತಂದ ಊರು, ಮಗಳನ್ನು ಕೊಟ್ಟ ಊರು, ಎತ್ತು ಕೊಂಡ ಸಂತೆ, ಹರಕೆ ಹೊತ್ತ ದೇವರು ಇವು ಯಾವುವೂ ಬದಲಾಗಲಿಲ್ಲ. ಅಣ್ಣತಮ್ಮಂದಿರು ಪಾಲಾಗಿ ಮನೆಯ ನಡುವೆ ಗೋಡೆಯೆದ್ದಮೇಲೆಯೂ ಹಿತ್ತಿಲ ಬಾವಿ ಇಬ್ಬರಿಗೂ ಒಂದೇ ಆಗಿ ಉಳಿಯುವಂತೆ, ಈ ಪಾಲಿನಲ್ಲಿ ಎರಡು ವಸ್ತುಗಳು ಎರಡು ಕಡೆಯವರಿಗೂ ಸಾಮಾನ್ಯವಾಗಿ ಉಳಿದುವು. ಒಂದು, ತುಂಗಭದ್ರಾ ಅಣೆಕಟ್ಟಿನಿಂದ ಹೊರಟು ಬಳ್ಳಾರಿಯ ನೆಲವನ್ನು ಹಾದು ಆಲೂರು, ಆದವಾನಿ, ಎಮ್ಮಿಗನೂರುಗಳ ಹೊಲಗಳಿಗೆ ನೀರೊಯ್ಯುವ ಕೆಳಮಟ್ಟದ ಕಾಲುವೆ. ಇನ್ನೊಂದು, ಗಡಿಯನ್ನು ದಿನವೂ ದಾಟುವ ಬಸ್ಸು.

ಕಾಲುವೆಯ ನಿರ್ವಹಣೆಗೆ ತುಂಗಭದ್ರಾ ಮಂಡಳಿಯೆಂಬ ಅಂತರರಾಜ್ಯ ಸಂಸ್ಥೆಯುಂಟು. ಬಸ್ಸಿಗೆ ಅಂಥ ಮಂಡಳಿಯಿಲ್ಲ. ಅದರ ಕಥೆ ಇನ್ನೂ ಜಟಿಲವಾದುದು. ಆದವಾನಿಯ ಸುತ್ತಮುತ್ತಲಿನ ಈ ಸಣ್ಣ ಪ್ರದೇಶದಲ್ಲಿ ಮೂರು ಸಾರಿಗೆ ಪರಂಪರೆಗಳು ಸಂಧಿಸಿವೆ.

ಅವುಗಳಲ್ಲಿ ಮೊದಲನೆಯದು ನಿಜಾಮನ ಸೀಮೆಯದು. ಮಂತ್ರಾಲಯದ ಎದುರು ದಡದಿಂದ ತೊಡಗುವ ರಾಯಚೂರು ಜಿಲ್ಲೆ ಆಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಲ್ಲಿ ರೈಲ್ವೆಯನ್ನು ನಡೆಸುತ್ತಿದ್ದ ಇಲಾಖೆಯೇ 1932ರ ಜೂನ್ ತಿಂಗಳಿನಲ್ಲಿ 27 ಬಸ್ಸುಗಳನ್ನೂ 166 ನೌಕರರನ್ನೂ ಇಟ್ಟುಕೊಂಡು ರಸ್ತೆ ಸಾರಿಗೆಯನ್ನು ಆರಂಭಿಸಿತು. ರೈಲೂ ಬಸ್ಸೂ ಒಬ್ಬನೇ ಒಡೆಯನ ಕೈಯಲ್ಲಿದ್ದುದರಿಂದ ಒಂದರ ವೇಳೆಗೆ ಇನ್ನೊಂದನ್ನು ಹೊಂದಿಸುವ ವ್ಯವಸ್ಥೆ ಸಾಧ್ಯವಾಯಿತು. ಸರಕಾರವೇ ಬಸ್ಸನ್ನು ಓಡಿಸುವುದೆಂಬ ಕಲ್ಪನೆ ಇನ್ನೂ ಅಪರೂಪವಾಗಿದ್ದ ಕಾಲದ ಮಾತು ಇದು. 1951ರ ನವೆಂಬರ್ 1ರಂದು ಈ ಇಲಾಖೆ ರೈಲ್ವೆಯಿಂದ ಬೇರೆಯಾಗಿ ಹೈದರಾಬಾದ್ ಸರಕಾರಕ್ಕೆ ಸೇರಿತು. 1956ರಲ್ಲಿ ಆ ರಾಜ್ಯವೇ ವಿಭಜನೆಯಾದಾಗ ರಾಯಚೂರು, ಕಲಬುರಗಿಗಳ ಸಾರಿಗೆ ಮೈಸೂರಿನ ಪಾಲಿಗೆ ಬಂದಿತು.

ಎರಡನೆಯದು ಮೈಸೂರಿನದು. 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಡನೆ ಮೈಸೂರು ಸರಕಾರದ ರಸ್ತೆ ಸಾರಿಗೆ ಇಲಾಖೆ ಹುಟ್ಟಿತು, 1961ರ ಆಗಸ್ಟ್ 1ರಂದು ಅದು ನಿಗಮವಾಯಿತು, 1973ರಲ್ಲಿ ರಾಜ್ಯದ ಹೆಸರಿನೊಡನೆ ತಾನೂ ‘ಕರ್ನಾಟಕ’ವಾಯಿತು, 2000ದಲ್ಲಿ ಅದರ ಈಶಾನ್ಯ ಭಾಗ ಪ್ರತ್ಯೇಕ ನಿಗಮವಾಗಿ, ಈಗ ಕಲ್ಯಾಣ ಕರ್ನಾಟಕದ ಹೆಸರನ್ನು ತಳೆದಿದೆ.

ಮೂರನೆಯದು ಮದರಾಸು ಪ್ರಾಂತದ ಪರಂಪರೆ, ಆದವಾನಿಯದು ಇದೇ. ಇಲ್ಲಿ ಸರಕಾರ ಬಸ್ಸು ಓಡಿಸಲಿಲ್ಲ. ಖಾಸಗಿ ಮಾಲೀಕರು, 1939ರ ಮೋಟಾರು ವಾಹನ ಕಾಯಿದೆಯ ಪ್ರಕಾರ ರಹದಾರಿಯನ್ನು ಪಡೆದು, ಒಬ್ಬೊಬ್ಬರು ಒಂದು ಎರಡು ಬಸ್ಸುಗಳನ್ನು ನಡೆಸುತ್ತಿದ್ದರು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲು ದುರ್ಲಭವಾದಾಗ ದೇಶದ ಎಲ್ಲೆಡೆಯೂ ಬಸ್ಸಿನ ಹಿಂಬದಿಗೆ ಇದ್ದಿಲಿನ ಒಲೆಯನ್ನು ಕಟ್ಟಿ, ಅದರ ಅನಿಲದಿಂದ ಯಂತ್ರವನ್ನು ನಡೆಸಿದರಷ್ಟೆ. ಆ ಇದ್ದಿಲ ಬಸ್ಸಿನ ನೆನಪನ್ನು ತಮ್ಮ ತಂದೆಯ ಬಾಯಿಂದ ಕೇಳಿದವರು ಆದವಾನಿಯಲ್ಲಿ ಈಗಲೂ ಇದ್ದಾರೆ. ಏರು ಬಂದರೆ ಜನ ಇಳಿದು ತಳ್ಳಬೇಕು. ಬಸ್ಸು ತುಂಬುವವರೆಗೂ ಮಾಲೀಕ ಹೊರಡಿಸುವುದಿಲ್ಲ. ಲಾಭವಿಲ್ಲದ ಹಳ್ಳಿಗೆ ಬಸ್ಸೇ ಇಲ್ಲ. ಧೈರ್ಯದಿಂದ ಮೊದಲು ಬಂಡವಾಳ ಹಾಕಿ ಮಣ್ಣಿನ ದಾರಿಯಲ್ಲಿ ಮೋಟಾರನ್ನು ತಂದವರು ಆ ಮಾಲೀಕರೇ ಎಂಬುದನ್ನು ನಾವು ಮರೆಯಕೂಡದು. ಆದರೆ ಅವರ ವ್ಯವಸ್ಥೆಯಲ್ಲಿ ದೂರದ ಹಳ್ಳಿಗೆ ಕೇಳುವ ಅಧಿಕಾರವಿರಲಿಲ್ಲ ಎಂಬುದೂ ನಿಜ.

1950ರಲ್ಲಿ ಸಂಸತ್ತು ರಸ್ತೆ ಸಾರಿಗೆ ನಿಗಮಗಳ ಕಾಯಿದೆಯನ್ನು ಮಾಡಿತು. ಅದರ ಆಧಾರದ ಮೇಲೆ, ನಿಜಾಮನ ಇಲಾಖೆಯ ತೆಲಂಗಾಣಭಾಗವನ್ನು ಮೂಲಧನವಾಗಿಟ್ಟುಕೊಂಡು, 1958ರ ಜನವರಿ 11ರಂದು ಆಂಧ್ರಪ್ರದೇಶ ರಸ್ತೆ ಸಾರಿಗೆ ಸಂಸ್ಥೆ ಸ್ಥಾಪಿತವಾಯಿತು. ಅದು ಕೃಷ್ಣಾ ಜಿಲ್ಲೆಯ ಮಾರ್ಗಗಳನ್ನು ಖಾಸಗಿಯವರಿಂದ ತೆಗೆದುಕೊಳ್ಳಲು ಯೋಜನೆಯನ್ನು ಪ್ರಕಟಿಸಿದಾಗ, ಬಸ್ಸಿನ ಮಾಲೀಕರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನು ಏರಿದರು. ಆಕ್ಷೇಪಣೆಗಳನ್ನು ಆಲಿಸಿದವನು ಇಲಾಖೆಯ ಕಾರ್ಯದರ್ಶಿ, ತೀರ್ಮಾನವನ್ನು ಬರೆದವನು ಮುಖ್ಯಮಂತ್ರಿ. ಕೇಳಿದವನೊಬ್ಬ, ತೀರ್ಪುಕೊಟ್ಟವನೊಬ್ಬ ಆಗುವುದು ಸಹಜನ್ಯಾಯಕ್ಕೆ ವಿರುದ್ಧವೆಂದು ನ್ಯಾಯಾಲಯ 1958ರ ನವೆಂಬರಿನಲ್ಲಿ ಆ ಯೋಜನೆಯನ್ನು ಅಸಿಂಧುಗೊಳಿಸಿತು. ಗುಳ್ಳಪಲ್ಲಿ ನಾಗೇಶ್ವರರಾವ್ ಅವರ ಹೆಸರಿನ ಈ ಮೊಕದ್ದಮೆಯನ್ನು ನ್ಯಾಯಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಸರಕಾರ ಪುನಃ ಕ್ರಮವರಿತು ವಿಚಾರಣೆ ನಡೆಸಿದಮೇಲೆಯೇ ಮಾರ್ಗಗಳು ಸಂಸ್ಥೆಯ ಕೈಸೇರಿದುವು. ಬಸ್ಸಿನ ರಾಷ್ಟ್ರೀಕರಣ ಒಂದು ರಾತ್ರಿಯ ಆಜ್ಞೆಯಿಂದ ಆಗಲಿಲ್ಲ. ಜಿಲ್ಲೆಯಿಂದ ಜಿಲ್ಲೆಗೆ, ಆಕ್ಷೇಪಣೆಗೆ ಉತ್ತರ ಹೇಳುತ್ತ, ನ್ಯಾಯಾಲಯಕ್ಕೆ ತಲೆಬಾಗುತ್ತ ಮುಂದುವರಿಯಿತು. ಪ್ರಜಾಪ್ರಭುತ್ವದಲ್ಲಿ ಒಳ್ಳೆಯ ಕೆಲಸವೂ ಒಳ್ಳೆಯ ದಾರಿಯಿಂದಲೇ ಆಗಬೇಕೆಂಬ ಪಾಠ ಅದರಲ್ಲಿದೆ.

ಆದವಾನಿ ಹತ್ತಿರವಾದಂತೆ ಬಂಡೆಗಲ್ಲಿನ ಬೆಟ್ಟಗಳೂ ಅವುಗಳ ಮೇಲಿನ ಕೋಟೆಯ ಗೋಡೆಗಳೂ ಕಾಣಿಸಿಕೊಂಡವು. ವಿಜಯನಗರದ ಅರಸರಿಗೆ ಭದ್ರವಾದ ನೆಲೆಯಾಗಿ, ಬಿಜಾಪುರದ ಆದಿಲಶಾಹಿಗಳಿಗೆ ಸೇರಿ, ಸಿದ್ದಿ ಮಸೂದ ಖಾನನ ಕಾಲದಲ್ಲಿ ಸುಂದರವಾದ ಜಾಮಿಯಾ ಮಸೀದಿಯನ್ನು ಪಡೆದು, ಔರಂಗಜೇಬನ ಸೈನ್ಯಕ್ಕೆ ಒಳಗಾಗಿ, 1786ರಲ್ಲಿ ಟಿಪ್ಪುವಿನ ಮುತ್ತಿಗೆಯನ್ನು ಕಂಡ ಊರು ಇದು. 1871ರಲ್ಲಿ ಮದರಾಸಿನಿಂದ ಬಂದ ರೈಲುದಾರಿಯೂ ಮುಂಬಯಿಯಿಂದ ಬಂದ ರೈಲುದಾರಿಯೂ ರಾಯಚೂರಿನಲ್ಲಿ ಕೂಡಿಕೊಂಡಾಗ, ಅವುಗಳ ನಡುವೆ ಬಿದ್ದ ಆದವಾನಿ ಹತ್ತಿಯ ವ್ಯಾಪಾರಕ್ಕೆ ಹೆಸರಾಯಿತು. ಈಗಲೂ ಆಂಧ್ರದ ಬಹುದೊಡ್ಡ ಹತ್ತಿ ಮಾರುಕಟ್ಟೆಗಳಲ್ಲಿ ಇದು ಒಂದು. ಆದರೆ ರೈಲು ಹತ್ತಿಯ ಅಂಡಿಗೆಯನ್ನು ಮುಂಬಯಿಗೆ ಒಯ್ಯಬಲ್ಲುದೇ ಹೊರತು, ಆ ಹತ್ತಿಯನ್ನು ಬೆಳೆದ ರೈತನನ್ನು ಪೇಟೆಗೂ ಪೇಟೆಯಿಂದ ಊರಿಗೂ ಕರೆದೊಯ್ಯಲಾರದು. ಆ ಕೆಲಸ ಬಸ್ಸಿನದು.

ಆದವಾನಿಯ ಬಸ್ ನಿಲ್ದಾಣದಲ್ಲಿ ಒಂದು ಮಧ್ಯಾಹ್ನವನ್ನೆಲ್ಲ ಕಳೆದೆನು. ಎಮ್ಮಿಗನೂರು, ಪತ್ತಿಕೊಂಡ, ಸಿರುಗುಪ್ಪ, ಗುಂತಕಲ್ಲು, ಕೌತಾಳ, ಹೊಳಗುಂದ ಎಂದು ಧ್ವನಿವರ್ಧಕದಲ್ಲಿ ಹೆಸರುಗಳು ಬರುತ್ತಲೇ ಇದ್ದವು. ‘ಪಲ್ಲೆವೆಲುಗು’ ಎಂಬ ಹೆಸರಿನ ಹಳ್ಳಿಯ ಬಸ್ಸುಗಳು ಒಂದರ ಹಿಂದೆ ಒಂದು ಬಂದು ಹಿಮ್ಮುಖವಾಗಿ ನಿಂತು, ಮೂಟೆ, ಹಾಲಿನ ಕ್ಯಾನು, ಬೀಜದ ಪೊಟ್ಟಣ, ಔಷಧಿಯ ಚೀಲ, ಕೂಸು, ಕೂಸಿನ ತಾಯಿ, ಎಲ್ಲವನ್ನೂ ಹೊತ್ತುಕೊಂಡು ಹೊರಡುತ್ತಿದ್ದವು. ಸೇವೆಯ ಅರ್ಧಭಾಗ ಪ್ರಯಾಣಿಕರ ಕಣ್ಣಿಗೆ ಬೀಳದ ಕಡೆ, ಡಿಪೋದಲ್ಲಿ, ನಡೆಯುತ್ತದೆ. ರಾತ್ರಿ ಮರಳಿ ಬಂದ ಬಸ್ಸಿಗೆ ಡೀಸೆಲ್ ತುಂಬಿ, ತೊಳೆದು, ಬ್ರೇಕು, ಚಕ್ರಗಳನ್ನು ನೋಡಿ, ನಸುಕಿನಲ್ಲಿ ಡ್ರೈವರನ ಕೈಗೆ ಒಪ್ಪಿಸಬೇಕು. ಕಂಡಕ್ಟರು ತನ್ನ ಚೀಟಿಯ ಯಂತ್ರವನ್ನೂ ಹಣದ ಚೀಲವನ್ನೂ ರುಜುಹಾಕಿ ಪಡೆಯಬೇಕು. ಸವೆದ ಟೈರಿಗೆ ಹೊಸ ರಬ್ಬರನ್ನು ಹಾಕಿಸಿ ಪುನಃ ಬಳಸಬೇಕು. ಲೀಟರಿಗೆ ಎಷ್ಟು ಕಿಲೋಮೀಟರು ಬಂದಿತೆಂಬುದನ್ನು ಡ್ರೈವರುಗಳು ‘ಕೆಎಂಪಿಎಲ್’ ಎನ್ನುತ್ತಾರೆ. ಅದು ಐದರ ಮೇಲೆ ಎಷ್ಟು ದಶಾಂಶವೆಂಬುದೇ ಅವರ ಜಾಣ್ಮೆಯ ಅಳತೆ. ಬಸ್ಸು ಎಷ್ಟು ತುಂಬಿತೆಂಬುದಕ್ಕೆ ‘ಓಆರ್’. ಅಲ್ಲಿಯ ಒಬ್ಬ ಹಿರಿಯ ಡ್ರೈವರು ನನ್ನೊಡನೆ ಮಾತನಾಡುತ್ತ ಹೇಳಿದನು: “ಸಾರ್, ಹೈದರಾಬಾದಿಗೆ ಹೋಗೋ ಗಾಡಿ ದುಡೀತೈತಿ, ಹಳ್ಳಿಗೆ ಹೋಗೋ ಗಾಡಿ ತಿಂತೈತಿ. ಆದರ ಹಳ್ಳಿಗಾಡಿ ನಿಲ್ಲಿಸಿದರ ಹೈದರಾಬಾದಿನ ಗಾಡಿಗೆ ಜನ ಎಲ್ಲಿಂದ ಬರಬೇಕು?”

ಆ ಒಂದು ಮಾತಿನಲ್ಲಿ ಸಂಸ್ಥೆಯ ಅರ್ಥಶಾಸ್ತ್ರವೆಲ್ಲ ಅಡಗಿತ್ತು. 1950ರ ಕಾಯಿದೆಯ 18ನೆಯ ಕಲಮು, ದಕ್ಷವೂ ಸಾಕಷ್ಟು ಪ್ರಮಾಣದ್ದೂ ಮಿತವ್ಯಯದ್ದೂ ಸುಸಂಘಟಿತವೂ ಆದ ಸಾರಿಗೆಯನ್ನು ಜನರಿಗೆ ಒದಗಿಸುವುದು ನಿಗಮದ ಕರ್ತವ್ಯವೆಂದು ಹೇಳುತ್ತದೆ. ನಾಲ್ಕು ಕಲಮು ಆಚೆ, 22ನೆಯದು, ನಿಗಮ ವ್ಯಾಪಾರ ತತ್ತ್ವವನ್ನು ಅನುಸರಿಸಿ ನಡೆಯತಕ್ಕದ್ದೆಂದು ವಿಧಿಸುತ್ತದೆ. ಒಂದು ಧರ್ಮ, ಇನ್ನೊಂದು ಅರ್ಥ. ದೇಶದ ಪ್ರತಿಯೊಂದು ಸಾರಿಗೆ ನಿಗಮವೂ ಹುಟ್ಟಿದಂದಿನಿಂದ ಈ ಎರಡು ಕಲಮುಗಳ ನಡುವೆ ನಡೆಯುತ್ತ ಬಂದಿದೆ. ಖರ್ಚನ್ನು ಹಗುರಮಾಡಲು ಖಾಸಗಿಯವರ ಬಸ್ಸನ್ನೂ ಡ್ರೈವರನ್ನೂ ಕಿಲೋಮೀಟರಿನ ಲೆಕ್ಕದಲ್ಲಿ ಬಾಡಿಗೆಗೆ ಹಿಡಿಯುವ ಪದ್ಧತಿ ಬಂದಿತು. ಪಾರ್ಸೆಲು ಸಾಗಣೆ ಬಂದಿತು. ನಷ್ಟ ಕಟ್ಟಿಕೊಳ್ಳುತ್ತಲೇ ಒಂದು ಕಾಲದಲ್ಲಿ ಜಗತ್ತಿನ ಅತಿದೊಡ್ಡ ಬಸ್ಸಿನ ಪಡೆಯೆಂಬ ಗಿನ್ನೆಸ್ ದಾಖಲೆಯನ್ನೂ ಆಂಧ್ರಪ್ರದೇಶದ ಸಂಸ್ಥೆ ಪಡೆಯಿತು. 2014ರ ಜೂನ್ 2ರಂದು ರಾಜ್ಯ ಒಡೆದಮೇಲೆ ಸಂಸ್ಥೆಯೂ ಎರಡಾಯಿತು. ನಿಜಾಮನ ಕಾಲದ ಮೂಲನೆಲೆ ತೆಲಂಗಾಣದ ಪಾಲಿಗೆ ಹೋಗಿ, ಆಂಧ್ರದ ಆರ್‌ಟಿಸಿ ವಿಜಯವಾಡದಲ್ಲಿ ಹೊಸದಾಗಿ ಬಿಡಾರ ಹೂಡಿತು. 2020ರ ಜನವರಿ 1ರಂದು ಅದರ ಐವತ್ತು ಸಾವಿರಕ್ಕೂ ಮಿಕ್ಕ ನೌಕರರು ಸರಕಾರಿ ನೌಕರರಾದರು. ಹೀಗೆ 1932ರಲ್ಲಿ ಸರಕಾರದ ಇಲಾಖೆಯಾಗಿ ಹುಟ್ಟಿದ ಸಾರಿಗೆ, ನಿಗಮವಾಗಿ ಅರವತ್ತು ವರ್ಷ ಬಾಳಿ, ನೌಕರರ ಮಟ್ಟಿಗಾದರೂ ಪುನಃ ಇಲಾಖೆಯ ಮಡಿಲಿಗೆ ಬಂದಿದೆ.

ಸಂಜೆಯ ಹೊತ್ತಿಗೆ ಕೌತಾಳದ ಕಡೆಯ ಒಂದು ಹಳ್ಳಿಗೆ ಹೋಗಿ ಅಲ್ಲಿಯೇ ತಂಗುವ ವಸ್ತಿ ಬಸ್ಸನ್ನು ಹತ್ತಿದೆನು. ಮುಂದಿನ ಸೀಟುಗಳಲ್ಲಿ ಹೆಂಗಸರು; ನಡುವೆ ಶಾಲೆಯ ಹುಡುಗರು; ಹಿಂದೆ ಹತ್ತಿ ಮಾರಿ ಮರಳುತ್ತಿದ್ದ ರೈತರು, ಬಟ್ಟೆಗೆಲ್ಲ ಅಂಟಿದ ಅರಳೆಯ ಎಳೆಗಳೊಡನೆ. 2025ರ ಆಗಸ್ಟ್ 15ರಿಂದ ಆಂಧ್ರ ಸರಕಾರ ‘ಸ್ತ್ರೀಶಕ್ತಿ’ ಎಂಬ ಹೆಸರಿನಲ್ಲಿ ರಾಜ್ಯದ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣವನ್ನು ಕೊಟ್ಟಿದೆ. ಆದರೂ ಪ್ರತಿಯೊಬ್ಬಳಿಗೂ ಸೊನ್ನೆ ರೂಪಾಯಿಯ ಚೀಟಿಯನ್ನು ಕೊಡಲೇಬೇಕು, ಗುರುತಿನ ಕಾರ್ಡನ್ನು ನೋಡಲೇಬೇಕು. ಕಂಡಕ್ಟರು ಒಬ್ಬ ಮುದುಕಿಯ ಮುಂದೆ ನಿಂತು, “ಅವ್ವಾ, ಆಧಾರ್ ತೆಗಿ” ಎಂದನು. “ದಿನಾ ಬರಾಕಿ ನಾನು, ದಿನಾ ತೋರಿಸಬೇಕೇನಪ್ಪಾ?” ಎಂದಳು ಆಕೆ, ಸೆರಗಿನ ಗಂಟನ್ನು ಬಿಚ್ಚುತ್ತ. “ನನಗ ನಿನ್ನ ಗುರ್ತು ಐತವ್ವಾ, ಲೆಕ್ಕ ಕೇಳೋರಿಗೆ ಇಲ್ಲ.” ಗಂಟಿನೊಳಗಿನಿಂದ ಎಲೆಯಡಿಕೆಯ ಜೊತೆಗೆ ನಾಲ್ಕು ಮಡಿಕೆಯಾಗಿ ಸವೆದ ಕಾಗದ ಹೊರಬಂದಿತು. ಆತ ಅದನ್ನು ಹರಿಯದಂತೆ ಬಿಡಿಸಿ, ನೋಡಿ, ಮತ್ತೆ ಅದೇ ಮಡಿಕೆಗಳಲ್ಲಿ ಮಡಚಿ ಆಕೆಯ ಕೈಯಲ್ಲಿಟ್ಟು ಚೀಟಿ ಕೊಟ್ಟನು. ಸಾರ್ವಜನಿಕ ಸೇವೆಯೆಂಬ ದೊಡ್ಡ ಮಾತಿಗೆ ಅರ್ಥ ಬರುವುದು ಇಂಥ ಕೈಗಳಿಂದ.

ಕತ್ತಲಾದಮೇಲೆ ಬಸ್ಸು ಊರಿನ ಗುಡಿಯ ಮುಂದೆ ನಿಂತಿತು. ಡ್ರೈವರು ಕಂಡಕ್ಟರು ಇಬ್ಬರೂ ಅಲ್ಲಿಯೇ ಮುಖ ತೊಳೆದು, ಒಂದು ಮನೆಯಿಂದ ಬಂದ ಜೋಳದ ರೊಟ್ಟಿ, ಪುಂಡಿಪಲ್ಯ ಉಂಡು, ಬಸ್ಸಿನೊಳಗೆ ಹಾಸಿಕೊಂಡರು. ಬೆಳಗಿನ ಜಾವ ಆ ಬಸ್ಸು ಹೊರಡುವಾಗ ಪಟ್ಟಣದ ಕಾಲೇಜಿನ ಹುಡುಗಿಯರೂ, ಕೂಲಿಯವರೂ, ಹೆರಿಗೆಗೆ ಹೋಗುವ ಒಬ್ಬ ಸೊಸೆಯೂ ಅದರಲ್ಲಿದ್ದರು. ಒಂದು ಬಸ್ಸು ರಾತ್ರಿ ಊರಿನಲ್ಲಿ ತಂಗುವುದೆಂದರೆ ಆ ಊರಿಗೆ ಬೆಳಗು ಒಂದು ಗಂಟೆ ಮುಂಚೆ ಆದಂತೆ. ಲೆಕ್ಕದ ಪುಸ್ತಕದಲ್ಲಿ ಅದು ನಷ್ಟದ ಸಾಲಿನಲ್ಲಿ ಬರೆಯಲ್ಪಡುವುದು.

ಮಳೆ ಕೈ ಕೊಟ್ಟ ವರ್ಷಗಳಲ್ಲಿ ಈ ಕೌತಾಳ, ಕೋಸಿಗಿ, ಪೆದ್ದಕಡಬೂರು ಕಡೆಯ ಊರುಗಳು ಮನೆಗೆ ಬೀಗ ಹಾಕಿ ‘ಸುಗ್ಗಿಗೆ’ ಹೋಗುತ್ತವೆ. ಎಂದರೆ ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ, ತೆಲಂಗಾಣದ ಹತ್ತಿಯ ಹೊಲಗಳಿಗೆ, ಬೆಂಗಳೂರಿನ ಕಟ್ಟಡಗಳಿಗೆ. ಹೊಲವಿದ್ದೂ ನೀರಿಲ್ಲದ ಜನ, ಪಾತ್ರೆ ಹಾಸಿಗೆಗಳನ್ನು ಗಂಟುಕಟ್ಟಿ, ಮಕ್ಕಳನ್ನೂ ಕರೆದುಕೊಂಡು ತಿಂಗಳುಗಟ್ಟಲೆ ಹೊರಗೆ ಇರುತ್ತಾರೆ. ಇದೇ ಜನ ಶ್ರಾವಣಮಾಸದಲ್ಲಿ ಉರುಕುಂದದ ಈರಣ್ಣಸ್ವಾಮಿಗೆ ಹೋಗಲು ಬಸ್ಸಿನಲ್ಲಿ ನಿಲ್ಲಲೂ ಎಡೆಯಿಲ್ಲದಂತೆ ತುಂಬಿಕೊಳ್ಳುತ್ತಾರೆ. ಬಳ್ಳಾರಿ, ರಾಯಚೂರು ಕಡೆಗಳಿಂದ ಕನ್ನಡದ ಭಕ್ತರೂ ಬಂದು ಸೇರುವ ಆ ತಿಂಗಳು ಆರ್‌ಟಿಸಿ ವಿಶೇಷ ಬಸ್ಸುಗಳನ್ನು ಬಿಡುತ್ತದೆ. ಅದೇ ಶ್ರಾವಣದ ಕೃಷ್ಣಪಕ್ಷದಲ್ಲಿ, 1671ರಲ್ಲಿ ಮಂತ್ರಾಲಯದಲ್ಲಿ ಬೃಂದಾವನಸ್ಥರಾದ ರಾಘವೇಂದ್ರಸ್ವಾಮಿಗಳ ಆರಾಧನೆ. ಆಲೂರಿನ ದಕ್ಷಿಣಕ್ಕೆ ಚಿಪ್ಪಗಿರಿಯಲ್ಲಿ ಹರಿದಾಸರಲ್ಲಿ ಪ್ರಮುಖರಾದ ವಿಜಯದಾಸರು 1755ರಲ್ಲಿ ದೇಹವಿಟ್ಟರು. ಕನ್ನಡದ ಭಕ್ತಿಪರಂಪರೆಯ ಇಂಥ ಪುಣ್ಯಭೂಮಿಗಳು ಇಂದು ಆಂಧ್ರದ ಡಿಪೋಗಳ ಬಸ್ಸು ತಲಪುವ ಊರುಗಳು.

ಎಮ್ಮಿಗನೂರಿನ ಮೇಲೆ ಮಂತ್ರಾಲಯಕ್ಕೆ ಬಂದಾಗ ಅಲ್ಲಿಯ ನಿಲ್ದಾಣದಲ್ಲಿ ಎರಡು ರಾಜ್ಯಗಳ ಬಸ್ಸುಗಳೂ ಅಕ್ಕಪಕ್ಕದಲ್ಲಿ ನಿಂತಿದ್ದವು. 2009ರ ಅಕ್ಟೋಬರಿನ ಮಹಾಪ್ರವಾಹದಲ್ಲಿ ತುಂಗಭದ್ರೆ ಊರನ್ನೆಲ್ಲ ಮುಳುಗಿಸಿದಾಗ ಸಂಪರ್ಕವೇ ಕಡಿದುಹೋದುದನ್ನು ಕಂಡ ಒಬ್ಬ ಅಂಗಡಿಯವನು, ನೀರು ಇಳಿದಮೇಲೆ ಮೊದಲ ಬಸ್ಸಿನ ಹಾರ್ನು ಕೇಳಿದಾಗ ತನಗೆ ಅಳು ಬಂದಿತೆಂದು ಹೇಳಿದನು.

ಒಂದು ರಾಜ್ಯದ ಬಸ್ಸು ಇನ್ನೊಂದರಲ್ಲಿ ಓಡುವುದು ಪರಸ್ಪರ ಒಪ್ಪಂದದಿಂದ. ಮೋಟಾರು ವಾಹನ ಕಾಯಿದೆ ಅದಕ್ಕೆ ಅವಕಾಶವನ್ನು ಕಲ್ಪಿಸಿದೆ. ನಿನ್ನ ಬಸ್ಸು ನನ್ನ ನೆಲದಲ್ಲಿ ಎಷ್ಟು ಕಿಲೋಮೀಟರು ಓಡುವುದೋ ನನ್ನದೂ ನಿನ್ನ ನೆಲದಲ್ಲಿ ಅಷ್ಟೇ ಓಡಬೇಕೆಂಬುದು ಅಂಥ ಒಪ್ಪಂದಗಳ ಸಾಮಾನ್ಯ ತತ್ತ್ವ. ಈ ಸಮಾನತೆ ಎಷ್ಟು ಸೂಕ್ಷ್ಮವಾದುದೆಂಬುದಕ್ಕೆ ನಿದರ್ಶನವಾಗಿ, 2020ರಲ್ಲಿ ಸಾಂಕ್ರಾಮಿಕದ ಬಳಿಕ ಆಂಧ್ರ ತೆಲಂಗಾಣಗಳ ನಡುವೆ ಬಸ್ಸುಗಳು ತಿಂಗಳುಗಳ ಕಾಲ ಓಡಲಿಲ್ಲ. ನವೆಂಬರಿನಲ್ಲಿ ಎರಡೂ ಕಡೆಗೆ ಸುಮಾರು 1.61 ಲಕ್ಷ ಕಿಲೋಮೀಟರುಗಳೆಂದು ಒಪ್ಪಿಕೊಂಡಮೇಲೆಯೇ ಗಡಿ ತೆರೆಯಿತು. ಕಿಲೋಮೀಟರನ್ನು ಇಷ್ಟು ನಿಖರವಾಗಿ ತೂಗಬಲ್ಲ ಸರಕಾರಗಳು ಗಡಿಯ ಮನುಷ್ಯರ ಅಗತ್ಯವನ್ನು ಅಷ್ಟೇ ನಿಖರವಾಗಿ ತೂಗಿಲ್ಲ ಎಂಬುದು ನನ್ನ ಮನಸ್ಸಿನ ನೋವು.

ಬಳ್ಳಾರಿಗೆ ಮರಳುವ ಬಸ್ಸಿನಲ್ಲಿ, ಆಲೂರಿನಲ್ಲಿ, ಜ್ವರದ ಮಗುವನ್ನು ಹೆಗಲಿಗೆ ಹಾಕಿಕೊಂಡು ಒಬ್ಬ ಹೆಣ್ಣುಮಗಳು ಹತ್ತಿದಳು. ವಿಮ್ಸ್ ಎಂದೇ ಜನ ಕರೆಯುವ ಬಳ್ಳಾರಿಯ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಆಂಧ್ರದ ಈ ಗಡಿತಾಲೂಕುಗಳ ಬಡವರಿಗೂ ಹತ್ತಿರದ ದೊಡ್ಡ ಆಸ್ಪತ್ರೆ. ಕಂಡಕ್ಟರು ಹಣ ಕೇಳಿದಾಗ ಆಕೆ ಕೊಟ್ಟಳು, ಆಮೇಲೆ ನನ್ನ ಕಡೆ ತಿರುಗಿ, “ನೋಡ್ರೀ ಅಣ್ಣಾರೇ, ಆದವಾನಿಗೆ ಹೋದರ ಫ್ರೀ. ಬಳ್ಳಾರ್ಯಾಗ ನಮ್ಮಕ್ಕ ಅದಾಳ, ಆಕಿಗೂ ಅಲ್ಲೆಲ್ಲಾ ಫ್ರೀ. ದವಾಖಾನಿಗೆ ಹೋಗೋ ಈ ಹಾದಿಗೆ ಮಾತ್ರ ರೊಕ್ಕ” ಎಂದಳು. ದೂರಲ್ಲ, ಇದ್ದುದನ್ನು ಇದ್ದಂತೆ ಹೇಳಿದ್ದು. ಕರ್ನಾಟಕದ ‘ಶಕ್ತಿ’ ಯೋಜನೆ 2023ರ ಜೂನ್ 11ರಿಂದ ಆ ರಾಜ್ಯದ ನಿವಾಸಿಗಳಾದ ಹೆಂಗಸರಿಗೆ. ಆಂಧ್ರದ ಸ್ತ್ರೀಶಕ್ತಿ ಆಂಧ್ರದವರಿಗೆ, ಅದೂ ಅಂತರರಾಜ್ಯ ಬಸ್ಸುಗಳನ್ನು ಬಿಟ್ಟು. ಎರಡು ಉದಾರ ಯೋಜನೆಗಳ ನಡುವಣ ಸಂದಿಯಲ್ಲಿ ಗಡಿಯ ಹೆಣ್ಣುಮಗಳು ನಿಂತಿದ್ದಾಳೆ. ಅವಳಿಗೆ ಅತ್ಯಗತ್ಯವಾದ ದಾರಿಯೇ ಅವುಗಳ ಹೊರಗೆ ಉಳಿದಿದೆ.

ಕರ್ನೂಲು ಜಿಲ್ಲೆಯ ಇದೇ ಪಶ್ಚಿಮ ಭಾಗದಲ್ಲಿ, ಪತ್ತಿಕೊಂಡದಿಂದ ಗುತ್ತಿಗೆ ಹೋಗುವ ಮಾರ್ಗದ ಹತ್ತಿರ, ಎರ್ರಗುಡಿಯ ಬಂಡೆಗಳಿವೆ. ನಮ್ಮ ಮಸ್ಕಿ, ಕೊಪ್ಪಳ, ಸಿದ್ದಾಪುರಗಳಲ್ಲಿ ಅಶೋಕನ ಕಿರುಶಾಸನಗಳಿದ್ದರೆ, ಇಲ್ಲಿ ಕಿರುಶಾಸನದ ಜೊತೆಗೆ ಅವನ ಹದಿನಾಲ್ಕು ಮಹಾಶಿಲಾಶಾಸನಗಳೂ ಬ್ರಾಹ್ಮೀ ಲಿಪಿಯಲ್ಲಿ ದೊರೆಯುತ್ತವೆ. ಅವುಗಳಲ್ಲಿ ಎರಡನೆಯದು, ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದುದನ್ನೂ, ದಾರಿಗಳ ಉದ್ದಕ್ಕೂ ಬಾವಿಗಳನ್ನು ತೋಡಿಸಿ ಮರಗಳನ್ನು ನೆಡಿಸಿದುದನ್ನೂ ಹೇಳುತ್ತದೆ. ಈ ಸೌಕರ್ಯ ತನ್ನ ರಾಜ್ಯಕ್ಕೆ ಮಾತ್ರವಲ್ಲದೆ ಗಡಿಯಾಚೆಯ ಚೋಳ ಪಾಂಡ್ಯಾದಿಗಳ ನೆಲಕ್ಕೂ ಸಲ್ಲುತ್ತದೆಂದು ಆ ಶಾಸನವೇ ಸ್ಪಷ್ಟವಾಗಿ ಹೇಳಿದೆ. ದಾರಿಗನಿಗೆ ನೆರಳು, ನೀರು, ಔಷಧಿ ಕೊಡುವುದು ಪ್ರಭುತ್ವದ ಧರ್ಮವೆಂದೂ, ಆ ಧರ್ಮ ಎಲ್ಲೆಯ ಕಲ್ಲಿನಲ್ಲಿ ನಿಲ್ಲುವುದಿಲ್ಲವೆಂದೂ ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಈ ಜಿಲ್ಲೆಯ ಬಂಡೆಯಲ್ಲಿ ಕೆತ್ತಲ್ಪಟ್ಟಿದೆ. 1950ರ ಕಾಯಿದೆಯ 18ನೆಯ ಕಲಮನ್ನು ಓದಿದವನಿಗೆ ಅದರ ಪೂರ್ವಜರು ಎಲ್ಲಿದ್ದಾರೆಂಬುದು ಇಲ್ಲಿ ತಿಳಿಯುತ್ತದೆ.

ಆದುದರಿಂದ ನಾನು ಕೇಳಿಕೊಳ್ಳುವುದು ಹೊಸದೂ ಅಲ್ಲ, ದುಬಾರಿಯೂ ಅಲ್ಲ. ಬೆಂಗಳೂರು, ವಿಜಯವಾಡಗಳ ಅಧಿಕಾರಿಗಳು ಕಿಲೋಮೀಟರು ಸಮಾನತೆಗಾಗಿ ಒಂದೇ ಮೇಜಿನ ಸುತ್ತ ಕೂರುವ ದಿನ, ಇನ್ನೊಂದು ವಿಷಯವನ್ನೂ ಎತ್ತಿಕೊಳ್ಳಲಿ: ಆಲೂರು ಆದವಾನಿಗಳಿಂದ ಬಳ್ಳಾರಿ ಸಿರುಗುಪ್ಪಗಳಿಗೂ, ಮಂತ್ರಾಲಯದಿಂದ ರಾಯಚೂರಿಗೂ ಓಡುವ ಸಾಮಾನ್ಯ ಬಸ್ಸುಗಳಲ್ಲಿ, ಎರಡು ಕಡೆಯ ಗಡಿತಾಲೂಕುಗಳ ಹೆಂಗಸರ ಗುರುತಿನ ಕಾರ್ಡನ್ನೂ ವಿದ್ಯಾರ್ಥಿಗಳ ಪಾಸನ್ನೂ ಎರಡು ಸಂಸ್ಥೆಗಳೂ ಮನ್ನಿಸುವಂತಾಗಲಿ, ಖರ್ಚನ್ನು ತಮ್ಮ ತಮ್ಮ ಸರಕಾರಗಳಿಂದ ವಸೂಲು ಮಾಡಿಕೊಳ್ಳಲಿ. ಹಳ್ಳಿಯಲ್ಲಿ ತಂಗುವ ಬಸ್ಸನ್ನು ‘ಓಆರ್’ ನೋಡಿ ನಿಲ್ಲಿಸುವ ಮುನ್ನ, ಅದನ್ನು ನಂಬಿ ಶಾಲೆಗೆ ಹೋಗುವ ಮಕ್ಕಳ ಹೆಸರುಪಟ್ಟಿಯನ್ನು ಒಮ್ಮೆ ತರಿಸಿ ನೋಡಲಿ. ಗಡಿನಾಡ ಕನ್ನಡದ ಬಗೆಗೆ ಸಭೆಗಳಲ್ಲಿ ನಾವು ನಿರ್ಣಯಗಳನ್ನು ಮಾಡುತ್ತೇವೆ, ಮಾಡಬೇಕಾದದ್ದೇ. ಅದರ ಜೊತೆಗೆ ಬಸ್ಸಿನ ವೇಳಾಪಟ್ಟಿಯನ್ನೂ ಕೈಯಲ್ಲಿ ಹಿಡಿದು ಸಾರಿಗೆ ಕಚೇರಿಯ ಬಾಗಿಲಿಗೆ ಹೋಗುವುದನ್ನು ಕಲಿತರೆ, ಹಾಲಹರವಿಯ ಹುಡುಗನ ಕೈಯಲ್ಲಿಯ ಕನ್ನಡ ಪುಸ್ತಕ ಹತ್ತನೆಯ ತರಗತಿಯವರೆಗೂ ಅವನ ಕೈಯಲ್ಲಿಯೇ ಉಳಿಯುವುದು.